ಕೆರೆಮಣ್ಣಿನ ಕಾವಲು

2025ರ ನವೆಂಬರ್ 12, ಬುಧವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಬಸ್ಸು ನಿಂತು ಆಗಲೇ ಹನ್ನೊಂದು ನಿಮಿಷವಾಗಿತ್ತು. ಕಿಟಕಿಯ ಪಕ್ಕ ಕೂತಿದ್ದ ಡಾಕ್ಟರ್ ಚನ್ನಕೇಶವ ಗಡಿಯಾರ ನೋಡಿಕೊಂಡು ನಿಮಿಷ ಎಣಿಸುತ್ತಿದ್ದ. ಎಣಿಸಿದರೆ ಬಸ್ಸು ಹೊರಡುತ್ತದೆ ಎಂಬ ನಂಬಿಕೆಯೇನೂ ಅವನಿಗಿರಲಿಲ್ಲ. ಅಳೆಯಬಹುದಾದ್ದನ್ನು ಅಳೆಯದೆ ಬಿಟ್ಟರೆ ಸಾರಿಗೆ ಉಪ್ಪು ಹಾಕುವುದು ಮರೆತಂತೆ ಅವನಿಗೆ ಏನೋ ಕೊರತೆ. ಹನ್ನೆರಡನೆಯ ನಿಮಿಷದಲ್ಲಿ ಬಸ್ಸು ಕದಲಲಿಲ್ಲ, ಫೋನು ಕದಲಿತು. ವಿಭಾಗದ ಮುಖ್ಯಸ್ಥೆ ಜ್ಯೋತಿಲಕ್ಷ್ಮಿ ಮೇಡಂ.

"ಚನ್ನಕೇಶವ, ಮಧ್ಯಾಹ್ನ ಮೂರು ಗಂಟೆಗೆ ಸೆಕ್ಯುರಿಟಿಯವರು ಬರ್ತಾರಂತೆ."

"ಯಾವ ಗೇಟಿಗೆ ಮೇಡಂ?"

"ಗೇಟಿಗಲ್ಲ ಕಣ್ರೀ. ನಿಮ್ಮ ಮಣ್ಣಿಗೆ."

ಚನ್ನಕೇಶವ ಯಲಹಂಕದಾಚೆಯ ಒಂದು ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಷ್ಟ್ರು. ಕ್ಯಾಂಪಸ್ಸಿನ ಹಿಂದೆ ಒಂದು ಕೆರೆ ಇದೆ. ಇದೆ ಅಂದರೆ, ನಕ್ಷೆಯಲ್ಲಿ ನೀಲಿಯಾಗಿ ಇದೆ. ಸ್ಥಳದಲ್ಲಿ ಅದು ಹಸಿರು, ಗಾಳಿ ಬೀಸಿದ ದಿನ ನೊರೆಯಿಂದ ಬಿಳಿ. ಈ ಕೆರೆಯ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಮಣ್ಣು ಎತ್ತುವುದು ಅವನ ಸಂಶೋಧನೆ. ಕೊಳವೆಯ ಮೇಲ್ತುದಿಯಲ್ಲಿ ಈ ವರ್ಷದ ಕೆಸರು, ಕೆಳತುದಿಯಲ್ಲಿ ಮುತ್ತಜ್ಜಂದಿರ ಕಾಲದ್ದು. ಇಂಥ ಇನ್ನೂರ ಹದಿನಾಲ್ಕು ಕೊಳವೆಗಳು ವಿಭಾಗದ ಮಾದರಿ ಕೋಣೆಯ ಫ್ರೀಜರುಗಳಲ್ಲಿ ಸಾಲಾಗಿ ಮಲಗಿದ್ದವು. ಕೆರೆ ಯಾವ ವರ್ಷ ಸತ್ತಿತು ಎಂಬುದನ್ನು ಅವುಗಳಿಂದ ತಿಳಿಯಬೇಕೆಂಬುದು ಅವನ ಆಸೆ. ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ತಾರೀಕು ಯಾರಿಗೂ ಗೊತ್ತಿರಲಿಲ್ಲ.

ಮಣ್ಣು ಅವನ ಹತ್ತಿರ ಇತ್ತು. ಮಣ್ಣಿನ ಪದರಗಳ ವಯಸ್ಸು ಹೇಳುವ ಯಂತ್ರ ಉತ್ತರ ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿತ್ತು. ಎರಡು ವರ್ಷ ಪತ್ರ ಬರೆದ ಮೇಲೆ ಅವರು ಒಪ್ಪಿದರು: ಮೂರು ವರ್ಷದ ಜಂಟಿ ಸಂಶೋಧನೆ, ಅಂಥದ್ದೇ ಒಂದು ಯಂತ್ರವನ್ನು ಇಲ್ಲಿಗೆ ಕಳಿಸುತ್ತೇವೆ, ಮಾದರಿ ಕೋಣೆಯಲ್ಲೇ ಕೂರಿಸಿಕೊಂಡು ಕೆಲಸ ಮಾಡಿ. ಒಪ್ಪಂದಕ್ಕೆ ಸಹಿ ಬಿದ್ದರೆ ಚನ್ನಕೇಶವ ಆ ಕೋಣೆಯಲ್ಲಿ ಕೂತು ತನ್ನ ಮಣ್ಣನ್ನು ತಾನೇ ಓದಬಹುದು. ಬೀಳದಿದ್ದರೆ ಅವನ ಗುತ್ತಿಗೆ ನವೆಂಬರ್ ಮೂವತ್ತಕ್ಕೆ ಮುಗಿಯುತ್ತದೆ. ಕೆರೆಯ ಸಾವಿನ ತಾರೀಕು ಫ್ರೀಜರಿನಲ್ಲೇ ಹೆಪ್ಪುಗಟ್ಟಿ ಉಳಿಯುತ್ತದೆ.

ಸಹಿಗೆ ಒಂದೇ ಒಂದು ಅಡ್ಡಿ. ಆ ದೇಶದಲ್ಲಿ ಈಗ ಹೊಸ ನಿಯಮ. ಹೊರದೇಶದವರ ಜೊತೆ ಸಂಶೋಧನೆ ಮಾಡುವ ಮುಂಚೆ ಅಲ್ಲಿಯ ಮಾಹಿತಿ ಯಾರ ಕೈಗೆ ಸಿಗುತ್ತದೆ, ಮಾದರಿ ಯಾರು ಮುಟ್ಟುತ್ತಾರೆ, ಕದ್ದುಹೋಗುವ ಅಪಾಯ ಎಷ್ಟು ಎಂದು ಪರೀಕ್ಷಿಸಬೇಕು. ಪರೀಕ್ಷೆಗೆ ಬೆಂಗಳೂರಿನಲ್ಲೇ ಒಬ್ಬ ಸಲಹೆಗಾರರನ್ನು ಗೊತ್ತುಮಾಡಿದ್ದರು. ಆ ಬಗ್ಗೆ ನಲವತ್ತಾರು ಪ್ರಶ್ನೆಗಳ ಪತ್ರ ಹದಿಮೂರು ದಿನದ ಹಿಂದೆಯೇ ವಿಭಾಗದ ಮೇಲ್‌ಗೆ ಬಂದಿತ್ತು. ಆ ಮೇಲ್‌ನ ಪಾಸ್‌ವರ್ಡ್ ವಿಭಾಗದ ಎಲ್ಲರಿಗೂ ಗೊತ್ತು. ಎಲ್ಲರೂ ತೆರೆಯಬಹುದಾಗಿದ್ದರಿಂದ ಯಾರೂ ತೆರೆದಿರಲಿಲ್ಲ.

ಹತ್ತೂ ಇಪ್ಪತ್ತಕ್ಕೆ ವಿಭಾಗ ತಲುಪಿದ ಚನ್ನಕೇಶವ ಕೈಚೀಲ ಇಳಿಸದೆ ಪ್ರಶ್ನೆಗಳನ್ನು ಓದಲು ಕೂತ. ಮೊದಲನೆಯ ಪ್ರಶ್ನೆಯೇ ಗಂಟಲಿಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮಾದರಿ ಕೋಣೆಯ ಕೀಲಿ ಎಷ್ಟು, ಯಾರ ಯಾರ ಬಳಿ ಇದೆ?

ಉತ್ತರ ಗೊತ್ತಿಲ್ಲದಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ. ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಆ ಕೋಣೆಗೆ ಇದ್ದ ಒಂದೇ ಕೀಲಿ ಕಳೆದುಹೋಗಿ, ಬಾಗಿಲು ಒಡೆಯುವುದಕ್ಕೆ ವಿಶ್ವವಿದ್ಯಾಲಯದ ಅನುಮತಿ ಬರುವಷ್ಟರಲ್ಲಿ ಇಪ್ಪತ್ತೆರಡು ದಿನವಾಗಿತ್ತು. ಅಂದಿನಿಂದ ಕೀಲಿ ಮಾಡಿಸಿ ಹಂಚುವುದು ವಿಭಾಗದಲ್ಲಿ ಒಂದು ವ್ರತದ ಹಾಗೆ ನಡೆದುಬಂದಿತ್ತು. ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟ ಹಾಗೆ ಕೀಲಿ ಕೊಟ್ಟಿದ್ದರು. ಮೇಡಂ ಮೇಜಿನ ಗಣಪತಿ ಪಟದ ಹಿಂದೆ ಒಂದು. ಅಟೆಂಡರ್ ಬೈರಣ್ಣನ ಉಡಿದಾರದಲ್ಲಿ ಒಂದು. ಸಂಶೋಧನಾ ವಿದ್ಯಾರ್ಥಿ ಜೀಷಾನನ ಸ್ಕೂಟರಿನ ಕೀಲಿಗೊಂಚಲಲ್ಲಿ ಒಂದು. ಕರೆಂಟ್ ಕೆಲಸದವನಿಗೆ ಒಂದು. ಚನ್ನಕೇಶವನದೇ ಒಂದು. ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ತೊಂದರೆಯಾಗಬಾರದೆಂದು ಹಿಂದಿನ ಗೇಟಿನ ಎದುರಿನ ಮಾರಕ್ಕನ ಟೀ ಅಂಗಡಿಯ ಮೊಳೆಗೆ ನೇತುಹಾಕಿದ್ದು ಆರನೆಯದು.

ಆರು ಕೀಲಿಗಳನ್ನೂ ವಾಪಸ್ ತೆಗೆದುಕೊಳ್ಳುವುದೊಂದೇ ದಾರಿ ಎಂದು ಅವನಿಗೆ ತೋರಿತು. ಮೇಡಂ ಸುಲಭವಾಗಿ ಕೊಟ್ಟರು. ಆದರೆ ಕೊಡುವಾಗ ಫ್ರೀಜರಿನಲ್ಲಿ ತಮ್ಮ ಸುಲಿದ ಅವರೆಕಾಳು ಎರಡು ಡಬ್ಬಿ ಇದೆ, ಅದನ್ನು ಜೋಪಾನ ಮಾಡಿ ಎಂದರು. ಕರೆಂಟಿನವನು ತನ್ನ ಕೀಲಿಯಿಂದ ಹಲ್ಲುಸಂದಿ ಕೆದಕುತ್ತಾ ಸಿಕ್ಕಿದ. ಜೀಷಾನ್ ಸ್ಕೂಟರಿನ ಗೊಂಚಲಿನಿಂದ ಬಿಚ್ಚಿಕೊಟ್ಟ. ಕಷ್ಟವಾದದ್ದು ಬೈರಣ್ಣನ ಹತ್ತಿರ.

ಬೈರಣ್ಣ ಅಂಗಿ ಎತ್ತಿ, ಉಡಿದಾರದ ಗಂಟು ಬಿಚ್ಚುವುದಕ್ಕೆ ಐದು ನಿಮಿಷ ತೆಗೆದುಕೊಂಡ. ಹಲ್ಲಿನಿಂದ ಬಿಚ್ಚಲು ಬಾಗಿ ನೋಡಿದ, ಹೊಟ್ಟೆ ಅಡ್ಡ ಬಂತು. ಕೊನೆಗೆ ಚನ್ನಕೇಶವನೇ ಮಂಡಿಯೂರಿ ಕತ್ತರಿ ಹಾಕಬೇಕಾಯಿತು. ಕೀಲಿ ಕೈಗೆ ಬಿದ್ದಾಗ ಬೈರಣ್ಣನ ಮುಖ ನೋಡುವ ಹಾಗಿರಲಿಲ್ಲ.

"ಇಪ್ಪತ್ತಾರು ವರ್ಸ ಆಯ್ತು ಸಾರ್ ನಾನಿಲ್ಲಿ ಬಂದು. ನಿಮ್ ಮಣ್ಣು ಹೊರೋದಕ್ಕೆ ನನ್ ಬೆನ್ನು ಬೇಕಿತ್ತು. ಕಾಯೋದಕ್ಕೆ ನಾನು ಬ್ಯಾಡ."

ಚನ್ನಕೇಶವ ಸಮಾಧಾನ ಹೇಳಹೋದ. ಇದು ನಿನ್ನ ಮೇಲಿನ ಅನುಮಾನವಲ್ಲ, ಅಂತರರಾಷ್ಟ್ರೀಯ ನಿಯಮ ಎಂದ. ಬೈರಣ್ಣ ಸೊಂಟ ಸವರಿಕೊಳ್ಳುತ್ತಾ, ನಿಯಮ ಬಂದಿದ್ದು ಆ ದೇಶದಿಂದ, ಕತ್ತರಿ ಹಿಡಿದಿದ್ದು ನೀವು ಎಂದು ಗೊಣಗಿ ಹೊರಟುಹೋದ.

ಮಾರಕ್ಕ ಕೊಡುವುದಿಲ್ಲವೆಂದಳು. ಕ್ಯಾಂಪಸ್ಸು ಆಗುವುದಕ್ಕೆ ಮುಂಚೆ ಆ ಜಾಗದಲ್ಲಿ ಅವಳ ಮಾವನ ರಾಗಿ ಹೊಲ ಇತ್ತು. ಕೆರೆಗೆ ಎಮ್ಮೆ ಹೊಡೆದುಕೊಂಡು ಹೋದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೊಲ ಹೋಯಿತು, ಎಮ್ಮೆ ಹೋಯಿತು, ಗೇಟಿನೆದುರು ಒಂದು ತಗಡಿನ ಅಂಗಡಿ ಉಳಿದಿತ್ತು.

"ಯಾಕ್ ಸಾಮಿ, ನಾನೇನು ಮಣ್ಣು ಕದೀತೀನಾ?"

"ಹಾಗಲ್ಲ ಮಾರಕ್ಕ. ಹೊರಗಿನವರ ಹತ್ತಿರ ಕೀಲಿ ಇರಬಾರದಂತೆ."

ಸುತ್ತ ಟೀ ಕುಡಿಯುತ್ತಿದ್ದ ನಾಲ್ಕು ಜನ ಲೋಟ ಕೆಳಗಿಟ್ಟರು. ತಾನು ಏನು ಹೇಳಿದೆ ಎಂದು ಚನ್ನಕೇಶವನಿಗೆ ತಿಳಿದದ್ದು ಆಮೇಲೆ. ಮಾರಕ್ಕ ಸೌಟನ್ನು ಪಾತ್ರೆಗೆ ಅಡ್ಡಲಾಗಿಟ್ಟಳು.

"ಒರಗಿನೋಳು. ಆ ಕೆರೇಲಿ ಈಜು ಕಲ್ತೋಳು ನಾನು ಒರಗಿನೋಳು. ಪೈಪ್ ತಗೊಂಡು ಈಚೆಗೆ ಬಂದೋರು ನೀವು ಒಳಗಿನೋರು. ಆಗ್ಲಿ ಸಾಮಿ, ಇಂಗೂ ಒಂದು ಕಾಲ."

ಅವಳು ಮೊಳೆಯಿಂದ ಕೀಲಿ ತೆಗೆದು ಲೋಟ ತೊಳೆಯುವ ಬಕೆಟ್ಟಿಗೆ ಹಾಕಿದಳು. ಚನ್ನಕೇಶವ ಅಂಗಿಯ ತೋಳು ಮಡಚಿ, ಟೀಪುಡಿ ತೇಲುತ್ತಿದ್ದ ಆ ಕಂದು ನೀರಿನೊಳಗೆ ಮೊಣಕೈವರೆಗೆ ಕೈಬಿಟ್ಟು ಹುಡುಕಿದ. ಹನ್ನೊಂದು ವರ್ಷ ಕೆಸರಿನಲ್ಲಿ ಕೈ ಹಾಕಿದವನಿಗೆ ಅದೇನು ಹೊಸದಲ್ಲ. ಆದರೆ ಕೆರೆಯ ದಡದಲ್ಲಿ ಯಾರೂ ಅವನನ್ನು ಹಾಗೆ ಸುಮ್ಮನೆ ನೋಡುತ್ತಾ ನಿಂತಿರಲಿಲ್ಲ.

ಆರು ಕೀಲಿಗಳನ್ನೂ ಒಂದು ದಾರಕ್ಕೆ ಪೋಣಿಸಿ ಬೆಲ್ಟಿಗೆ ಕಟ್ಟಿಕೊಂಡು ಅವನು ಮಾದರಿ ಕೋಣೆಗೆ ಬಂದ. ನಡೆದಾಗಲೆಲ್ಲ ಕೋಲೆಬಸವನ ಗಂಟೆಯಂತೆ ಶಬ್ದವಾಗುತ್ತಿತ್ತು. ಎರಡನೆಯ ಪ್ರಶ್ನೆ: ಮಾದರಿಗಳ ಜೊತೆ ಬೇರೆ ವಸ್ತುಗಳನ್ನು ಇಡಲಾಗುತ್ತಿದೆಯೇ? ಬಾಗಿಲಿನ ಪಕ್ಕದ ಫ್ರೀಜರ್ ತೆರೆದ. ಮೇಲಿನ ಖಾನೆಯಲ್ಲಿ ಮೇಡಂ ಅವರೆಕಾಳು. ಅದರ ಪಕ್ಕ ಮಾರಕ್ಕನ ಹಾಲಿನ ಪ್ಯಾಕೆಟ್ಟುಗಳು. ಬೈರಣ್ಣ ಹೆಂಡತಿಗೆಂದು ತಂದು ಇಟ್ಟು ಮರೆತ ಎರಡು ಮೊಳ ಮಲ್ಲಿಗೆ, ಗಾಜಿನ ಮಣಿಯಂತೆ ಗಟ್ಟಿಯಾಗಿತ್ತು. ಮೂಲೆಯಲ್ಲಿ ಯಾರದೋ ಮದುವೆಯ ಐಸ್‌ಕ್ರೀಮು. ಅವನು ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿದ. ಮುಂದಿನ ಪಡಸಾಲೆಯಲ್ಲಿ ಹೋದರೆ ಎಲ್ಲರಿಗೂ ಉತ್ತರ ಹೇಳಬೇಕೆಂದು ಚೀಲ ಹೆಗಲಿಗೇರಿಸಿ ಹಿಂದಿನ ಬಾಗಿಲಿನಿಂದ, ಆ ಕಡೆ ಈ ಕಡೆ ನೋಡಿಕೊಂಡು ದಾಟಿಸಿದ. ಆಗ ಸಮಯ ಹನ್ನೊಂದು ಐವತ್ತೆರಡು.

ಮೂರನೆಯ ಪ್ರಶ್ನೆ ಮಾಹಿತಿಯ ಬಗ್ಗೆ. ಅದನ್ನು ಕೇಳಿದ ಕೂಡಲೆ ಜೀಷಾನ್ ಕನ್ನಡಕ ಒರೆಸತೊಡಗಿದ. ಕನ್ನಡಕದಲ್ಲಿ ಧೂಳಿರಲಿಲ್ಲ.

"ಸಾರ್, ಬೈಬೇಡಿ. ಎಲ್ಲಾ ಅಳತೆನೂ ವಾಟ್ಸಾಪ್ ಗ್ರೂಪಲ್ಲಿದೆ."

"ಯಾವ ಗ್ರೂಪು?"

"ಕೆರೆ ಗೆಳೆಯರು. ಅರವತ್ಮೂರು ಜನ ಇದ್ದಾರೆ."

ನಾಲ್ಕು ವರ್ಷದ ಹಿಂದೆ ಕೆರೆಯ ಕಸ ಎತ್ತಲು ಮಾಡಿದ ಗುಂಪು ಅದು. ಕಂಪ್ಯೂಟರು ಕೆಟ್ಟಾಗ ಕಳೆದುಹೋಗದಿರಲೆಂದು ಜೀಷಾನ್ ಪ್ರತಿ ಶನಿವಾರ ಸಂಶೋಧನೆಯ ಅಂಕಿಅಂಶಗಳನ್ನೆಲ್ಲ ಅದಕ್ಕೆ ಕಳಿಸುತ್ತಿದ್ದ. ಹೂವಿನವರು, ನಿವೃತ್ತ ಬ್ಯಾಂಕಿನವರು, ವಾಕಿಂಗ್ ಬರುವವರು, ಒಬ್ಬ ಜ್ಯೋತಿಷಿ, ಎಲ್ಲರ ಫೋನಿನಲ್ಲೂ ಕೆರೆಯ ಸೀಸ, ಪಾದರಸ, ಕ್ಯಾಡ್ಮಿಯಮ್ಮಿನ ಲೆಕ್ಕ ಸುಪ್ರಭಾತದ ಚಿತ್ರಗಳ ನಡುವೆ ಭದ್ರವಾಗಿತ್ತು. ಯಾರೂ ಒಂದು ದಿನವೂ ತೆರೆದು ನೋಡಿದವರಲ್ಲ. ಅಷ್ಟರಮಟ್ಟಿಗೆ ಅದಕ್ಕಿಂತ ಸುರಕ್ಷಿತ ಜಾಗ ಜಗತ್ತಿನಲ್ಲಿ ಇರಲಿಲ್ಲ. ಆದರೆ ಆ ಮಾತನ್ನು ನಮೂನೆಯಲ್ಲಿ ಬರೆಯಲು ಜಾಗವಿರಲಿಲ್ಲ.

ಚನ್ನಕೇಶವ ವಿಭಾಗದ ಕಂಪ್ಯೂಟರಿನಲ್ಲೇ ಗುಂಪು ತೆರೆದು, ಕಡತಗಳನ್ನು ಒಂದೊಂದಾಗಿ ಅಳಿಸಿ, ಅಳಿಸಲು ಬಾರದವುಗಳಿಗೆ ಹಿಡಿಶಾಪ ಹಾಕಿ, ಕೊನೆಗೆ ಅರವತ್ಮೂರು ಜನರನ್ನು ಹೆಸರು ಒತ್ತಿ ಒತ್ತಿ ಹೊರಹಾಕತೊಡಗಿದ. ಹನ್ನೆರಡನೆಯವರನ್ನು ತೆಗೆಯುವಷ್ಟರಲ್ಲಿ ಮೊದಲನೆಯವರ ಫೋನು ಬಂತು. ಬ್ಯಾಂಕಿನವರು, ನಾನು ಮೊನ್ನೆ ಹಾಕಿದ ಚಿತ್ರದಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಕೇಳುತ್ತೇನೆ ಎಂದರು. ಜ್ಯೋತಿಷಿಗಳು, ನಿಮ್ಮ ವರ್ಷಫಲ ನೋಡಿ ನಾನೇ ಎಚ್ಚರಿಸಬೇಕೆಂದಿದ್ದೆ, ಇನ್ನು ನನಗೇನು, ಎಂದು ಇಟ್ಟುಬಿಟ್ಟರು. ನಲವತ್ತನೆಯವರಾಗಿ ಜ್ಯೋತಿಲಕ್ಷ್ಮಿ ಮೇಡಂ ಹೋಗಿದ್ದರು. ಆ ಕರೆಯನ್ನು ಅವನು ಎದ್ದು ನಿಂತು ಸ್ವೀಕರಿಸಿದ. ಆಮೇಲೆ ವಿಭಾಗದ ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿದ. ಇಪ್ಪತ್ತೆರಡು ಅಕ್ಷರ, ಅಂಕಿ, ಚಿಹ್ನೆ. ಯಾರಿಗೂ ಹೇಳಲಿಲ್ಲ. ಜೀಷಾನ್ ತನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಅದರೊಳಗಿದೆ ಎಂದ. ನಾಳೆ ನೋಡೋಣ ಎಂದು ಚನ್ನಕೇಶವ ಹೇಳಿದ. ಸಮಯ ಹನ್ನೆರಡು ನಲವತ್ತು.

ಉಳಿದ ಪ್ರಶ್ನೆಗಳನ್ನು ಅವನು ಊಟ ಬಿಟ್ಟು ತುಂಬಿದ. ಈ ಸಂಶೋಧನೆಯ ಫಲವನ್ನು ಯುದ್ಧದಲ್ಲಿ ಬಳಸಲು ಸಾಧ್ಯವೇ ಎಂಬ ಪ್ರಶ್ನೆಗೆ ಅವನು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸುವುದನ್ನು ನೋಡಲಾರದೆ, ಮುನಿಸಿಕೊಂಡಿದ್ದ ಬೈರಣ್ಣನೇ ಬಾಗಿಲ ಬಳಿಯಿಂದ ಸಲಹೆ ಕೊಟ್ಟ. ಒಂದು ಕೊಳವೆ ಬಿಚ್ಚಿ ಗಡಿಯಲ್ಲಿಟ್ಟರೆ ಸಾಕು, ವಾಸನೆಗೆ ಎರಡು ಕಡೆಯವರೂ ಓಡುತ್ತಾರೆ, ಯುದ್ಧವೇ ಇರುವುದಿಲ್ಲ ಎಂದ. ಚನ್ನಕೇಶವ 'ಇಲ್ಲ' ಎಂದು ಬರೆದ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಆ ದೇಶದ ಪ್ರೊಫೆಸರು ಯಾರಿಗಾದರೂ ಉಡುಗೊರೆ ಕೊಟ್ಟಿದ್ದರೇ ಎಂಬುದಕ್ಕೆ 'ಒಂದು ಉಣ್ಣೆ ಟೋಪಿ' ಎಂದು ಪ್ರಾಮಾಣಿಕವಾಗಿ ಬರೆದು, ಆ ಟೋಪಿಯನ್ನು ಬೈರಣ್ಣನ ತಲೆಯಿಂದ ತೆಗೆಸಿ, ಲಕೋಟೆಯಲ್ಲಿಟ್ಟು ಮೊಹರು ಮಾಡಿದ. ಬೈರಣ್ಣ ಸಂಜೆಯವರೆಗೂ ಅವನ ಜೊತೆ ಮಾತಾಡಲಿಲ್ಲ.

ಮೂರು ಗಂಟೆಗೆ ಸರಿಯಾಗಿ ಸಲಹೆಗಾರರು ಬಂದರು. ಹೆಸರು ಶಿವಶರಣಪ್ಪ, ಕಲಬುರಗಿ ಕಡೆಯವರು. ಸರ್ಕಾರದ ಯಾವುದೋ ತನಿಖಾ ಕೆಲಸದಿಂದ ನಿವೃತ್ತರಾಗಿ ಹೆಬ್ಬಾಳದಲ್ಲಿ ನೆಲೆಸಿದ್ದರು. ಬಿಳಿ ಮೀಸೆ, ಮೆತ್ತಗಿನ ದನಿ, ಕಂಕುಳಲ್ಲಿ ಒಂದು ಕಡತ. ಕಾಫಿ ಬೇಡವೆಂದರು. ನೀರು ತಾವೇ ತಂದಿದ್ದರು. ನೀವು ನಿಮ್ಮ ಕೋಣೆಯಲ್ಲಿ ಕೂತಿರಿ, ನಾನೊಬ್ಬನೇ ಒಂದು ಸುತ್ತು ಹಾಕಿ ಬರುತ್ತೇನೆ ಎಂದು ಚನ್ನಕೇಶವನಿಗೆ ಹೇಳಿ ಹೊರಟರು.

ಚನ್ನಕೇಶವ ಹೆದರಿದ್ದು ಇದಕ್ಕೇ. ಈ ವಿಭಾಗದವರನ್ನು ಅವನು ಬಲ್ಲ. ದಾರಿ ಕೇಳಿದವರನ್ನು ಮನೆವರೆಗೂ ಬಿಟ್ಟು, ಒಳಗೆ ಕೂರಿಸಿ, ಮನೆಯವರ ಜಾತಕವನ್ನೂ ಹೇಳಿ ಬರುವ ಜನ. ಕಿಟಕಿಯಿಂದ ನೋಡುತ್ತಾ ನಿಂತ. ಶಿವಶರಣಪ್ಪ ಬೈರಣ್ಣನ ಹತ್ತಿರ ಹೋದರು; ಮಾದರಿ ಕೋಣೆ ಸ್ವಲ್ಪ ತೆಗೆಯಪ್ಪಾ ಎಂದಂತೆ ಕಂಡಿತು. ಬೈರಣ್ಣ ಬರಿದಾದ ಸೊಂಟ ತೋರಿಸಿ, ಚನ್ನಕೇಶವನ ಕೋಣೆಯ ಕಡೆಗೆ ಗಲ್ಲ ಎತ್ತಿದ. ಜೀಷಾನನನ್ನು ಕೇಳಿದರು, ಅವನು ಎರಡು ಕೈ ಅಗಲಿಸಿ ಅದೇ ಕೋಣೆಯ ಕಡೆ ಕಣ್ಣು ಹಾಯಿಸಿದ. ಹಿಂದಿನ ಗೇಟಿನಾಚೆ ಮಾರಕ್ಕನ ಅಂಗಡಿಗೂ ಹೋದರು. ಅವಳು ಸೌಟನ್ನೇ ಆ ಕಡೆಗೆ ಚಾಚಿದಳು.

ಎಲ್ಲರೂ ಸಿಟ್ಟಿನಲ್ಲಿದ್ದರು. ಸಿಟ್ಟಿನಲ್ಲಿದ್ದವರು ಮಾತಾಡುವುದಿಲ್ಲ. ಮಾತಾಡದ ಜನರಿಗಿಂತ ಒಳ್ಳೆಯ ಕಾವಲು ಯಾವುದಿದೆ? ಅವನಿಗೆ ಬೆಳಗಿನಿಂದ ಮೊದಲ ಸಲ ಹೊಟ್ಟೆ ಹಸಿಯಿತು. ಇನ್ನು ಒಂದೆರಡು ತಿಂಗಳಲ್ಲಿ ಯಂತ್ರ ಬರುತ್ತದೆ. ಮೊದಲು ಯಾವ ಕೊಳವೆ ಕತ್ತರಿಸಬೇಕು ಎಂದು ಅವನು ಮನಸ್ಸಿನಲ್ಲೇ ಆರಿಸಿಕೊಂಡ: ನೂರ ತೊಂಬತ್ತೊಂದನೆಯದು, ಕೆರೆಯ ನಡುಮಧ್ಯದ್ದು.

ಐದು ಗಂಟೆಗೆ ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದರು. ಕಂಪ್ಯೂಟರಿನ ಪರದೆಯ ಮೇಲೆ ಆ ದೇಶದ ಪ್ರೊಫೆಸರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಶಿವಶರಣಪ್ಪ ಕಡತ ಬಿಚ್ಚಿದರು. ಪ್ರತಿ ಅಪಾಯಕ್ಕೂ ಎರಡು ಅಂಕ: ಅದು ನಡೆಯುವ ಸಾಧ್ಯತೆಗೆ ಐದರಲ್ಲಿ ಎಷ್ಟು, ನಡೆದರೆ ಆಗುವ ಹಾನಿಗೆ ಐದರಲ್ಲಿ ಎಷ್ಟು, ಎರಡನ್ನೂ ಗುಣಿಸಬೇಕು. ಹೊರಗಿನವರು ಕೋಣೆಗೆ ನುಗ್ಗುವ ಅಪಾಯ, ಎರಡು. ಸಿಬ್ಬಂದಿಯಿಂದ ಮಾಹಿತಿ ಸೋರುವುದು, ಎರಡು. ಇಷ್ಟು ಬಾಯಿ ಬಿಗಿಹಿಡಿದ ಸಿಬ್ಬಂದಿಯನ್ನು ತಾನು ರಕ್ಷಣಾ ಸಂಸ್ಥೆಗಳಲ್ಲೂ ಕಂಡಿಲ್ಲವೆಂದರು. ಬೈರಣ್ಣ ನೆಟ್ಟಗೆ ನಿಂತ. ಉಡುಗೊರೆಯ ಪ್ರಭಾವ, ಒಂದು, ಟೋಪಿ ಮೊಹರಾಗಿತ್ತು. ಹೀಗೆ ನಲವತ್ತೈದು ಪ್ರಶ್ನೆ ಕಳೆಯಿತು. ಮೇಡಂ ನಗುತ್ತಿದ್ದರು. ಪರದೆಯ ಮೇಲಿನ ಪ್ರೊಫೆಸರು ತಲೆದೂಗುತ್ತಿದ್ದರು. ಚನ್ನಕೇಶವ ಮಾತ್ರ ಒಂದು ಗೆರೆ ಬಾಕಿ ಇರುವುದನ್ನು ಗಮನಿಸಿದ.

"ನಲವತ್ತಾರನೇದು, ಒಳಗಿನ ಮನಷ್ಯಾನಿಂದ ಅಪಾಯ," ಎಂದು ಶಿವಶರಣಪ್ಪ ಓದಿದರು. "ಇದರಾಗ ಸ್ವಲ್ಪ ತೊಡಕದ ನೋಡ್ರಿ."

ಅವರು ಕಂಪ್ಯೂಟರ್ ಕೇಂದ್ರದಿಂದ ತರಿಸಿದ ದಾಖಲೆಯನ್ನೂ ಪಡಸಾಲೆಯ, ಹಿಂದಿನ ಬಾಗಿಲಿನ ಕ್ಯಾಮೆರಾಗಳ ಚಿತ್ರಗಳನ್ನೂ ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಬೆಳಗ್ಗೆ ಹನ್ನೊಂದರೊಳಗೆ ಒಬ್ಬ ವ್ಯಕ್ತಿ ಎಲ್ಲರಿಂದಲೂ ಕೀಲಿ ಕಸಿದುಕೊಂಡಿದ್ದಾನೆ. ಒಬ್ಬ ಹಿರಿಯ ನೌಕರನ ಸೊಂಟಕ್ಕೆ ಕತ್ತರಿ ಹಾಕಿ. ಹನ್ನೊಂದು ಐವತ್ತೆರಡಕ್ಕೆ ಫ್ರೀಜರಿನಿಂದ ಏನನ್ನೋ ಗೋಣಿಚೀಲಕ್ಕೆ ತುಂಬಿ, ಅತ್ತಿತ್ತ ನೋಡಿ, ಹಿಂದಿನ ಬಾಗಿಲಿನಿಂದ ಸಾಗಿಸಿದ್ದಾನೆ. ಮಾಹಿತಿಯ ಕಡತ ಅಳಿಸಿದ್ದಾನೆ. ಅರವತ್ಮೂರು ಸಾಕ್ಷಿಗಳನ್ನು ಹೊರದಬ್ಬಿದ್ದಾನೆ. ಹನ್ನೆರಡು ನಲವತ್ತಕ್ಕೆ ಪಾಸ್‌ವರ್ಡ್ ಬದಲಿಸಿ, ಮುಖ್ಯಸ್ಥರಿಗೂ ತಿಳಿಸಿಲ್ಲ. ಅವನ ನೌಕರಿ ಇನ್ನು ಹದಿನೆಂಟು ದಿನಕ್ಕೆ ಮುಗಿಯುತ್ತದೆ.

ಚನ್ನಕೇಶವ ಎದ್ದು ನಿಂತ. ಬೆಲ್ಟಿನಲ್ಲಿ ಆರು ಕೀಲಿ ಒಟ್ಟಿಗೆ ಶಬ್ದ ಮಾಡಿದವು.

"ಚೀಲದಲ್ಲಿದ್ದದ್ದು ಅವರೆಕಾಳು ಸಾರ್."

"ಇರಬಹುದ್ರಿ. ನಾ ನಿಮ್ಮನ್ನ ಕಳ್ಳ ಅನ್ನಂಗಿಲ್ಲ. ನೀವು ಭಾಳ ಪ್ರಾಮಾಣಿಕ ಮನಷ್ಯಾ, ಮುಖದಾಗ ಕಾಣ್ತದ. ಆದ್ರ ನಮ್ಮ ಪುಸ್ತಕದಾಗ ಮನಿ ಮುರಿಯಾಂವ ಹೆಂಗ ಇರ್ತಾನಂತ ಹನ್ನೊಂದು ಲಕ್ಷಣ ಬರದಾರ. ನೀವು ಒಂದು ದಿನದಾಗ ಹನ್ನೊಂದೂ ಮಾಡಿ ಮುಗಿಸೀರಿ."

ಚನ್ನಕೇಶವ ಮೇಡಂ ಕಡೆ ನೋಡಿದ. ಅವರು ತಮ್ಮ ಅವರೆಕಾಳು ಈಗ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು. ಜೀಷಾನನ ಕಡೆ ನೋಡಿದ. ಜೀಷಾನ್ ತನ್ನ ನಾಲ್ಕನೆಯ ಅಧ್ಯಾಯವನ್ನು ನೆನೆದು ನೆಲ ನೋಡುತ್ತಿದ್ದ. ಬೈರಣ್ಣ ಮಾತ್ರ ಏನೋ ಹೇಳಲು ಬಾಯಿ ತೆರೆದ; ಆದರೆ ಬಾಯಿ ಬಿಗಿಹಿಡಿಯುವವನೆಂದು ಈಗಷ್ಟೇ ಹೊಗಳಿಸಿಕೊಂಡದ್ದು ನೆನಪಾಗಿ ಮುಚ್ಚಿಕೊಂಡ.

ಸಾಧ್ಯತೆಗೆ ಐದು, ಹಾನಿಗೆ ಐದು. ಇಪ್ಪತ್ತೈದಕ್ಕೆ ಇಪ್ಪತ್ತೈದು.

ಹಾಗಾದರೆ ಒಪ್ಪಂದ ಮುರಿಯಿತೇ ಎಂದು ಮೇಡಂ ಕೇಳಿದರು. ಶಿವಶರಣಪ್ಪ ಇಲ್ಲವೆಂದರು. ಅಪಾಯ ಇದ್ದಲ್ಲಿ ನಿರ್ವಹಣೆಯೂ ಇರುತ್ತದೆ. ಅದಕ್ಕೇ ಅಲ್ಲವೇ ಇಷ್ಟೆಲ್ಲ. ಪರದೆಯ ಮೇಲಿನ ಪ್ರೊಫೆಸರ ಜೊತೆ ಅವರು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಪ್ರೊಫೆಸರಿಗೆ ಚನ್ನಕೇಶವನ ಮೇಲೆ ಬಹಳ ಗೌರವ. ಅವನಿಲ್ಲದೆ ಈ ಯೋಜನೆ ಇಲ್ಲವೆಂದು ಎರಡೆರಡು ಸಲ ಹೇಳಿದರು. ಆದ್ದರಿಂದ ಅವನ ಗುತ್ತಿಗೆ ಮೂರು ವರ್ಷಕ್ಕೆ ಮುಂದುವರಿಯುವುದು, ಯೋಜನೆಯ ಮುಖ್ಯಸ್ಥ ಅವನೇ ಆಗಿರುವುದು. ಕೀಲಿಯನ್ನೂ ಪಾಸ್‌ವರ್ಡನ್ನೂ ಅವನು ಈಗಲೇ ಒಪ್ಪಿಸುವುದು. ಮೂರು ವರ್ಷ ಮುಗಿಯುವವರೆಗೆ ಮಣ್ಣನ್ನಾಗಲಿ, ಯಂತ್ರವನ್ನಾಗಲಿ, ಅಳತೆಯ ಫಲಿತಾಂಶವನ್ನಾಗಲಿ ಅವನು ನೋಡಕೂಡದು. ಮಾದರಿ ಕೋಣೆಯ ಬಾಗಿಲಿನಿಂದ ಮೂವತ್ತು ಮೀಟರಿನ ಒಳಗೆ ಬರಕೂಡದು.

"ಹಾಗಾದರೆ ಕೆರೆ ಯಾವ ವರ್ಷ ಸತ್ತಿತು ಅಂತ ಗೊತ್ತಾದಾಗ..." ಚನ್ನಕೇಶವ ಕೇಳಿದ.

"ಗೊತ್ತಾಗ್ತದ್ರಿ. ನಿಮಗ ಒಬ್ಬರಿಗೆ ಬಿಟ್ಟು ಎಲ್ಲಾರಿಗೂ," ಎಂದು ಶಿವಶರಣಪ್ಪ ಕಡತಕ್ಕೆ ದಾರ ಸುತ್ತಿದರು. "ಮುಂದ ಅಚ್ಚಾದ ಮ್ಯಾಲೆ ನೀವೂ ಓದಬಹುದು."

ಐದು ಐವತ್ತಕ್ಕೆ ಸಹಿಯಾಯಿತು. ಮೇಡಂ ಮೈಸೂರುಪಾಕು ತರಿಸಿದರು. ಚನ್ನಕೇಶವನಿಗೂ ಒಂದು ತುಂಡು ಕೊಟ್ಟರು. ಅವನು ಇಪ್ಪತ್ತೆರಡು ಅಕ್ಷರಗಳನ್ನು ಒಂದು ಚೀಟಿಯ ಮೇಲೆ ಬಿಡಿಸಿ ಬರೆದುಕೊಟ್ಟ. ದಾರ ಬಿಚ್ಚಲು ಬಾರದೆ ಬೆಲ್ಟನ್ನೇ ಬಿಚ್ಚಿ ಕೊಟ್ಟು, ಒಂದು ಕೈಯಿಂದ ಪ್ಯಾಂಟು ಹಿಡಿದುಕೊಂಡು ಹೊರಗೆ ಬಂದ.

ವಿಭಾಗದ ಮುಂದಿನ ಅಂಗಳದಲ್ಲಿ ಹೊಂಗೆಮರದ ಕೆಳಗೆ ಒಂದು ಸಿಮೆಂಟಿನ ಬೆಂಚು ಇದೆ. ಅಲ್ಲಿಂದ ಮಾದರಿ ಕೋಣೆಯ ಬಾಗಿಲು ನೇರವಾಗಿ ಕಾಣುತ್ತದೆ. ಅವನು ಕೂರುವುದಕ್ಕೆ ಹೋಗಿ, ಕೂರದೆ ನಿಂತ. ಇದು ಮೂವತ್ತು ಮೀಟರಿನ ಒಳಗೋ ಹೊರಗೋ ಎಂಬ ಅನುಮಾನ. ಸಂಜೆ ಬೆಳಕು ಇಳಿಯುತ್ತಿತ್ತು. ಕೆರೆಯ ಕಡೆಯಿಂದ ಗಾಳಿ ತನ್ನ ಎಂದಿನ ವಾಸನೆ ಹೊತ್ತು ತರುತ್ತಿತ್ತು.

ಬೈರಣ್ಣ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಕೊಳವೆ ಅಳೆಯುವ ಉದ್ದನೆಯ ಟೇಪು ಇತ್ತು. ಅದರ ಸುರುಳಿಯನ್ನು ಚನ್ನಕೇಶವನ ಕೈಗೆ ಕೊಟ್ಟು, ತುದಿಯನ್ನು ಎಳೆಯುತ್ತಾ ಬಾಗಿಲಿನವರೆಗೂ ಹೋಗಿ ಹೊಸಿಲಿಗೆ ಒತ್ತಿ ಕೂತ. ಟೇಪು ನಡುವೆ ಜೋತುಬಿದ್ದಿತ್ತು. ಇಬ್ಬರೂ ಎಳೆದು ನೆಟ್ಟಗೆ ಮಾಡಿದರು.

"ಎಷ್ಟು ಸಾರ್?" ಎಂದು ಬೈರಣ್ಣ ಅಲ್ಲಿಂದಲೇ ಕೂಗಿ ಕೇಳಿದ.

ಚನ್ನಕೇಶವ ಬೆಂಚಿನ ಅಂಚಿಗೆ ಟೇಪು ಹಿಡಿದು, ಕನ್ನಡಕ ಏರಿಸಿಕೊಂಡು, ಎರಡು ಸಲ ಓದಿದ. ಮೂವತ್ತೊಂದು ಮೀಟರ್ ನಲವತ್ತು ಸೆಂಟಿಮೀಟರ್.